ನಮ್ಮ ಮನೆಯ ಐದು ನದಿಗಳು

ಪೂಜೆಗೆ ಕುಳಿತು ಕಲಶಕ್ಕೆ ಪುಣ್ಯನದಿಗಳನ್ನು ಆವಾಹಿಸುವಾಗ, ಕರೆದ ನದಿಗಳು ನಿಜವಾಗಿಯೂ ಎದ್ದು ಬಂದುಬಿಡುವ ಭಾಗ್ಯ ಎಷ್ಟು ಮಂದಿ ಸಾಧಕರಿಗೆ ಉಂಟೋ ನಾನರಿಯೆ. ನನಗಂತೂ ಆ ಸಿದ್ಧಿ ಈ ಇಳಿವಯಸ್ಸಿನಲ್ಲಿ ಅನಾಯಾಸವಾಗಿ ಕೈಗೂಡಿದೆ. ಗಂಗೆಯ ಹೆಸರೆತ್ತಿದೊಡನೆ ಗಂಗೆ ಹಿತ್ತಲಿನಿಂದ ಓಡಿಬರುತ್ತದೆ. ಯಮುನೆ, ಗೋದಾವರಿ, ಸಿಂಧು, ಕಾವೇರಿಗಳು ಒಂದನ್ನೊಂದು ತಳ್ಳಿಕೊಂಡು ದೇವರ ಕೋಣೆಯ ಹೊಸ್ತಿಲಲ್ಲಿ ಬಂದು ನಿಲ್ಲುತ್ತವೆ. ಐದೂ ಹುಂಜಗಳು.

ಈರುಳ್ಳಿಗೂ ವರ್ಷದಲ್ಲಿ ನಾಲ್ಕು ತಿಂಗಳು ಪ್ರವೇಶವಿಲ್ಲದ ಪುರವರವೆಂಬ ಊರಿನ ನಮ್ಮ ಮನೆಗೆ ಹುಂಜಗಳು ಹೇಗೆ ಬಂದವೆಂದರೆ, ಬಸ್ಸಿನಲ್ಲಿ ಬಂದವು. ಕಳ್ಳಂಬೆಳ್ಳದಲ್ಲಿ ಒಂದು ನಾಮಕರಣ ಮುಗಿಸಿಕೊಂಡು ಹಿಂತಿರುಗುವಾಗ, ಶಿರಾ ಬಸ್ ನಿಲ್ದಾಣದಲ್ಲಿ ಯಾರೋ ಬುಟ್ಟಿಯ ತುಂಬ ಗುಲಾಬಿ, ಹಸಿರು, ಹಳದಿ ಬಣ್ಣ ಬಳಿದ ಕೋಳಿಮರಿಗಳನ್ನು ಮಾರುತ್ತಿದ್ದರು. ನನ್ನ ಅರ್ಧಾಂಗಿ ಅವುಗಳನ್ನು ಕಂಡು, “ಅರಿಸಿನ ಕುಂಕುಮದ ಭರಣಿಗೆ ಕಾಲು ಬಂದ ಹಾಗಿದೆ ನೋಡಿ” ಎಂದಳು. ಆ ಉಪಮೆಗೆ ತಲೆದೂಗಿದ್ದೇ ನನ್ನ ಅಪರಾಧ. ತಲೆದೂಗಿದ್ದನ್ನು ಅವಳು ಸಮ್ಮತಿಯೆಂದು ತಿಳಿದು ಐದು ಮರಿಗಳನ್ನು ಕೊಂಡಳು. ಮರಿಗಳು ಹೆಣ್ಣೆಂದು ನಾವಿಬ್ಬರೂ ನಿಶ್ಚಯಿಸಿದೆವು. ಹಾಗೆಂದು ಮಾರುವವನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಬಣ್ಣ ಚೆನ್ನಾಗಿತ್ತು, ಅಷ್ಟೇ ಪ್ರಮಾಣ; ಅದನ್ನೇ ನಂಬಿ ನದಿಗಳ ಹೆಸರನ್ನೂ ಇಟ್ಟೆವು. ವ್ಯಾಕರಣ, ತರ್ಕ, ಮೀಮಾಂಸೆಗಳನ್ನು ಓದಿದವನು ಕೋಳಿಮರಿಯನ್ನು ಪರೀಕ್ಷಿಸುವುದು ಹೀಗೆ.

ಬಣ್ಣ ತೊಳೆದುಹೋಗಿ ಐದೂ ಬೆಳ್ಳಗಾದವು. ಒಂದು ಮುಂಜಾನೆ ಕಾವೇರಿ ಕತ್ತು ನೀಳಮಾಡಿ ಕೂಗಿತು. ಪಕ್ಕದ ಮನೆಯ ರಂಗಮ್ಮ ಬೇಲಿಯ ಆಚೆಯಿಂದ ನಗು ತಡೆಯಲಾರದೆ ಹೇಳಿದಳು: “ಅಮ್ಮಾವ್ರೆ, ಬಣ್ಣದ ಮರಿ ಅಂದ್ರೆ ಹುಂಜವೇ ಕಣಮ್ಮ. ಹ್ಯಾಟೆ ಆದ್ರೆ ಫಾರಂನೋರು ಮೊಟ್ಟೆಗೆ ಮಡಿಕ್ಕಂತಾರೆ, ಹುಂಜನ ಹಿಂಗೆ ಬಸ್‌ಸ್ಟ್ಯಾಂಡ್‌ಗೆ ಬುಡ್ತಾರೆ. ನಾಕು ದಿನಕ್ಕೆ ಸಾಯ್ತವೆ ಅಂತ ನಾವು ತರಾಕೇ ಹೋಗಲ್ಲ. ನೀವು ಅದೆಂಗ್ ಬದುಕಿಸ್ಬುಟ್ರೋ.”

ಬದುಕಿಸಿದ್ದು ನನ್ನಾಕೆ. ನೆನೆಸಿದ ನುಚ್ಚು, ಸಂಜೆ ಹೊಗೆ, ಪಶುವೈದ್ಯರಿಂದ ಕೇಳಿ ತಂದ ಹನಿಮದ್ದು; ನನಗೆ ಕೆಮ್ಮು ಬಂದಾಗ ನಡೆಯದ ಉಪಚಾರಗಳೆಲ್ಲ ನಡೆದವು. ಇತರರ ಮನೆಗಳಲ್ಲಿ ಹುಂಜಗಳ ಸಂಖ್ಯೆ ಹಬ್ಬ, ನೆಂಟರು, ಭಾನುವಾರಗಳಿಂದ ತಾನಾಗಿ ಮಿತಿಯಲ್ಲಿರುತ್ತದೆ. ನಮ್ಮಲ್ಲಿ ಆ ಸೌಕರ್ಯವಿಲ್ಲ. ಪರಿಣಾಮವಾಗಿ ನಮ್ಮ ಹಿತ್ತಲಿನಲ್ಲಿ ಹುಂಜಗಳು ಬಾಲ್ಯ, ಯೌವನಗಳನ್ನು ದಾಟಿ ವಾನಪ್ರಸ್ಥಕ್ಕೆ ಕಾಲಿಟ್ಟಿವೆ. ಮೊಟ್ಟೆ ಇಡುವುದಿಲ್ಲ, ಇಟ್ಟರೂ ನಾವು ತಿನ್ನುವುದಿಲ್ಲ; ಇಂತಹ ನಿಷ್ಕಾಮ ಕರ್ಮವನ್ನು ನಾನು ಗ್ರಂಥಗಳಲ್ಲಿ ಮಾತ್ರ ಕಂಡಿದ್ದೆ. ಶ್ರಾದ್ಧದ ಅಡುಗೆಗೆ ಕೋಳಿಯ ರೆಕ್ಕೆಯ ಗಾಳಿಯೂ ಸೋಕಬಾರದೆಂದು ಧರ್ಮಶಾಸ್ತ್ರವಿದೆ. ಆದ್ದರಿಂದ ನನ್ನ ತಂದೆಯವರ ತಿಥಿಯಂದು ಐದು ನದಿಗಳನ್ನೂ ಬಚ್ಚಲುಮನೆಯಲ್ಲಿ ಕೂಡಿಹಾಕುತ್ತೇವೆ. ಅಲ್ಲಿಂದಲೇ ಅವು ಮಂತ್ರಕ್ಕೆ ದನಿಗೂಡಿಸುತ್ತವೆ. ಕುಮಾರಸ್ವಾಮಿಯ ಧ್ವಜದಲ್ಲಿರುವ ಹುಂಜ ಸದ್ದು ಮಾಡುವುದಿಲ್ಲ. ದೇವತೆಗಳು ಆರಿಸುವುದರಲ್ಲಿ ಜಾಣರು.

ಈ ಆಷಾಢದಲ್ಲಿ ರಂಗಮ್ಮ ಬೇಲಿ ಬಿಟ್ಟು ಬಾಗಿಲಿಗೇ ಬಂದಳು. ಮಗಳ ಹೆರಿಗೆ ಸುಸೂತ್ರವಾದರೆ ಮಾರಮ್ಮನಿಗೆ ಬಿಳಿಯ ಹುಂಜ ಕೊಡುವೆನೆಂದು ಹರಸಿಕೊಂಡಿದ್ದಳು. ಹೆರಿಗೆಯಾಯಿತು. ಅಷ್ಟರಲ್ಲಿ ಕೊಕ್ಕರೆ ರೋಗ ಬಂದು ಅವಳ ಕೋಳಿಗಳೆಲ್ಲ ಹೋದವು.

“ಅಯ್ನೋರೆ, ಊರೆಲ್ಲ ಹುಡುಕ್ದೆ. ಬಿಳೀದು ಅಂತ ಇರಾದು ನಿಮ್ಮನೇಲೇ. ನೀವೇನ್ ತಿನ್ನೋರಲ್ಲ, ಮಾರೋರಲ್ಲ. ಒಂದ್ ಕೊಡ್ರಿ, ಅಮ್ಮನ ಬಾಕಿ ಮಡಿಕ್ಕಂಡು ಮಲಗಾಕಾಗಲ್ಲ.”

ನನ್ನಾಕೆ ಜ್ವರದಲ್ಲಿ ಮಲಗಿದ್ದಾಗ ಹದಿನೈದು ದಿನ ನಮ್ಮ ಹಂಡೆಗೆ ನೀರು ಹೊತ್ತವಳು ಈ ರಂಗಮ್ಮ. ಅವಳಿಗೆ ಇಲ್ಲವೆನ್ನುವ ನಾಲಗೆ ನಮ್ಮಿಬ್ಬರಿಗೂ ಇರಲಿಲ್ಲ. ನನ್ನಾಕೆ ಒಳಗೆ ಹೋಗಿ ಅಕ್ಕಿ ಆರಿಸತೊಡಗಿದಳು. ಅಂದು ಆರಿಸಬೇಕಾದ ಅಕ್ಕಿಯೇನೂ ಇರಲಿಲ್ಲ. ನಾನು ಶಾಸ್ತ್ರವನ್ನು ಮುಂದೊಡ್ಡಿ, ಬಲಿಗೆ ಪ್ರತಿನಿಧಿಯಾಗಿ ಬೂದುಗುಂಬಳವನ್ನು ಒಡೆಯುವ ವಿಧಿಯನ್ನು ಸವಿಸ್ತಾರವಾಗಿ ನಿರೂಪಿಸಿದೆ. ರಂಗಮ್ಮ ಭಕ್ತಿಯಿಂದ ಕೊನೆಯವರೆಗೂ ಕೇಳಿದಳು.

“ಅಮ್ಮ ಒಪ್ಕಂಡಾಳು ಅಯ್ನೋರೆ. ನೆಂಟರು ಒಪ್ಬೇಕಲ್ಲ.”

ನಾನು ಬೂದುಗುಂಬಳವನ್ನು ಅಲ್ಲಿಗೇ ಕೈಬಿಟ್ಟೆ.

ಮಂಗಳವಾರ ಕಾವೇರಿಯನ್ನು ಹಿಡಿದುಕೊಟ್ಟವಳು ನನ್ನಾಕೆಯೇ. ಬೇರೆಯವರ ಕೈಗೆ ಸಿಕ್ಕರೆ ಹೆದರುತ್ತದೆ ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನೀವೂ ಹೋಗಿ. ಪರಿಚಯದವರು ಒಬ್ಬರಾದರೂ ಹತ್ತಿರ ಇರಲಿ” ಎಂದಳು. ಹೀಗಾಗಿ, ಬೀದಿಯ ತುದಿಯಲ್ಲೇ ಇದ್ದರೂ ನಾನು ಎಂದೂ ಹೊಕ್ಕಿರದ ಮಾರಮ್ಮನ ಗುಡಿಗೆ, ಒಂದು ಹುಂಜದ ಬಂಧುವಾಗಿ ಮೊದಲ ಸಲ ಹೋದೆ.

ಅಲ್ಲಿಯ ಪದ್ಧತಿಯೊಂದು ನನಗೆ ತಿಳಿದಿರಲಿಲ್ಲ. ಪೂಜಾರಿ ಹುಂಜದ ಕತ್ತಿನ ಮೇಲೆ ಅರಿಸಿನದ ನೀರು ಹಾಕುತ್ತಾನೆ. ಅದು ಮೈ ಒದರಿದರೆ ಅಮ್ಮ ಒಪ್ಪಿದಳೆಂದು ಅರ್ಥ. ಒದರುವವರೆಗೆ ಕತ್ತಿ ಮುಟ್ಟುವಂತಿಲ್ಲ. ನೀರು ಬಿದ್ದರೆ ಒದರದ ಕೋಳಿ ಎಲ್ಲಿದೆ? ಪೂಜಾರಿ ನೀರು ಹಾಕಿದ. ಕಾವೇರಿ ಕಣ್ಣು ಮುಚ್ಚಿಕೊಂಡು ನಿಂತಿತು. ಮತ್ತೆ ಹಾಕಿದ. ಅದು ಕತ್ತನ್ನು ಇನ್ನಷ್ಟು ಚಾಚಿತು. ಒಂದು ಚೊಂಬು ಖಾಲಿಯಾಯಿತು. ಮೊಬೈಲು ಹಿಡಿದು ನಿಂತಿದ್ದ ರಂಗಮ್ಮನ ಅಳಿಯ, “ಇದೇನ್ಲಾ ಇದು, ಷವರ್ ಕೆಳಗೆ ನಿಂತಂಗೆ ನಿಂತೈತೆ” ಎಂದ. ಯಾರೂ ನಗಲಿಲ್ಲ.

ಕಾರಣ ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ದಿನವೂ ಅಭಿಷೇಕ ಮುಗಿಸಿ ಮನೆಮಂದಿಗೆ ತೀರ್ಥ ಪ್ರೋಕ್ಷಿಸುವಾಗ, ಹೊಸ್ತಿಲಲ್ಲಿ ನಿಂತ ಈ ಐವರ ಮೇಲೂ ಉದ್ಧರಣೆಯಿಂದ ನಾಲ್ಕು ಹನಿ ಚೆಲ್ಲುವುದು ನನ್ನ ರೂಢಿ. ಆಮೇಲೆ ನನ್ನಾಕೆ ನೈವೇದ್ಯದ ಅನ್ನ ಹಾಕುತ್ತಾಳೆ. ಮರಿಯಾಗಿದ್ದಾಗಿನಿಂದ ಕಾವೇರಿಗೆ ಕತ್ತಿನ ಮೇಲೆ ನೀರು ಬಿತ್ತೆಂದರೆ, ಅಲುಗದೆ ನಿಂತರೆ ಅನ್ನ ಬರುತ್ತದೆಂದು ಅರ್ಥ.

ಪೂಜಾರಿ ಚೊಂಬು ಕೆಳಗಿಟ್ಟ. ರಂಗಮ್ಮನ ಮುಖ ಬಿಳಿಚಿಕೊಂಡಿತು. “ಅಯ್ನೋರೆ, ಓದ್ಕಂಡೋರು ನೀವು. ಅಮ್ಮ ನನ್ ಮ್ಯಾಲೆ ಮುನಿಸ್ಕಂಡವಳಾ?”

ನಿಜ ಹೇಳಿದರೆ ಕಾವೇರಿ ಉಳಿಯುವುದಿಲ್ಲ. ಅನ್ನದ ಆಸೆಗೆ ನಿಂತಿದೆಯೆಂದು ತಿಳಿದ ಮೇಲೆ ಕತ್ತಿಗೆ ಯಾವ ತಡೆ? ಸುಳ್ಳು ಹೇಳಿದರೆ ನನ್ನ ಇಷ್ಟು ದಿನದ ಪೂಜೆ ಉಳಿಯುವುದಿಲ್ಲ. ನಾನು ಗುಡಿಯ ಒಳಗೆ ನೋಡಿದೆ. ಅಮ್ಮ ಬೇವಿನ ಸೊಪ್ಪಿನ ನಡುವೆ ನಿರಾಳವಾಗಿ ಕುಳಿತಿದ್ದಳು. ಅವಳಿಗೆ ಹಸಿವಿರುವಂತೆ ಕಾಣಲಿಲ್ಲ.

“ಮುನಿದಿದ್ದರೆ ಮಗುವನ್ನು ಕೊಡುತ್ತಿದ್ದಳೇ ರಂಗಮ್ಮ?” ಎಂದೆ. “ನೀನು ಕೊಟ್ಟೆ. ಅವಳು ಬೇಡವೆಂದಳು. ಅಲ್ಲಿಗೆ ಮುಗಿಯಿತು.”

ಇದರಲ್ಲಿ ಸುಳ್ಳು ಯಾವುದೆಂದು ಅಂದಿನಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ರಂಗಮ್ಮ ಕಣ್ಣೊರೆಸಿಕೊಂಡು ಹುಂಜದ ಕಾಲಿಗೆ ಅರಿಸಿನದ ದಾರ ಕಟ್ಟಿ ನನ್ನ ಕೈಗಿತ್ತಳು. “ಇನ್ಮ್ಯಾಕೆ ಇದು ಅಮ್ಮನ ಹುಂಜ ಕಣ್ರೀ, ಯಾರೂ ಮುಟ್ಟಂಗಿಲ್ಲ. ಲೇ ಅಳಿಯಪ್ಪ, ನಿಂತ್ಕಂಡಿದ್ದು ಸಾಕು, ನೆಂಟರು ಕಾಯ್ತಾವ್ರೆ, ಮಧುಗಿರಿಗ್ ಹೋಗಿ ಮಟನ್ ತತ್ತಾ.”

ಮನೆಗೆ ಬಂದು ನಡೆದುದನ್ನೆಲ್ಲ ಹೇಳಿದೆ. ನನ್ನಾಕೆ ಕಾವೇರಿಯ ಒದ್ದೆ ಮೈಯನ್ನು ಸೆರಗಿನಿಂದ ಒರೆಸಿದಳು. ಮರುದಿನ ಪೂಜೆ ಮುಗಿಸಿ ತಿರುಗಿದರೆ, ಉಳಿದ ನಾಲ್ಕನ್ನೂ ಹೊಸ್ತಿಲಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಕುಳಿತಿದ್ದಳು.

“ಸಿಂಧು ಇನ್ನೂ ಸ್ವಲ್ಪ ಮೈ ಒದರುತ್ತದೆ. ಅದಕ್ಕೆ ಎರಡು ಉದ್ಧರಣೆ ಜಾಸ್ತಿ ಹಾಕಿ.”

ಹಾಕಿದೆ. ತೀರ್ಥವು ಅಕಾಲಮೃತ್ಯುವನ್ನು ಕಳೆಯುತ್ತದೆಂದು ಜೀವಮಾನವಿಡೀ ದಿನವೂ ಹೇಳಿಕೊಂಡೇ ಕುಡಿದಿದ್ದೇನೆ. ಅದನ್ನು ಪೂರ್ತಿಯಾಗಿ ನಂಬಿ ಹೇಳಿದ್ದು ಅದೇ ಮೊದಲು.