ಹೆಬ್ಬೆರಳ ಗುರುತಿನ ರೊಟ್ಟಿ

ನಿಜಾಮರ ಆಳ್ವಿಕೆ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಮಸ್ಕಿಯ ಶಾಲೆಯಲ್ಲಿ ಅಲ್ಲಿಯವರೆಗೆ ಉರ್ದುವಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಗಂಡನಿಗೆ ಇಂಗ್ಲಿಷ್ ಪರೀಕ್ಷೆ ಪಾಸಾಗದಿದ್ದರೆ ನೌಕರಿ ಉಳಿಯುವುದಿಲ್ಲ ಎಂಬ ಹುಕುಂ ಬಂತು. ಪರೀಕ್ಷೆ ಲಿಂಗಸುಗೂರಿನಲ್ಲಿ. ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಬಂದವರೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಜೋರಾಗಿ ಓದುತ್ತಿದ್ದರು. ಒಳಗೆ ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಎದುರುಬದುರು ಕೂತು ರೊಟ್ಟಿ ಬಡಿಯುತ್ತಿದ್ದೆವು.

ಅವಳು ಸಿಂಧನೂರಿನವಳು. ಮಾತಾಡುತ್ತಲೇ, ಕೈಯ ಕಡೆ ನೋಡದೆಯೇ ರೊಟ್ಟಿ ಬಡಿಯುತ್ತಿದ್ದಳು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣಬೇಕು, ಅಷ್ಟು ತೆಳ್ಳಗೆ. ನನ್ನದು ನಡುವೆ ಹರಿಯುತ್ತಿತ್ತು, ಅಂಚಿಗೆ ದಪ್ಪ ಉಳಿಯುತ್ತಿತ್ತು. ಅತ್ತೆ ಬುಟ್ಟಿಗೆ ಕೈ ಹಾಕಿ ಮುಟ್ಟಿ ನೋಡಿ ಅವಳದನ್ನೇ ಆರಿಸಿಕೊಳ್ಳುತ್ತಿದ್ದರು. ನನಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ, ಅವಳ ಹಿಟ್ಟಿಗೆ ನೀರು ಹೆಚ್ಚಾಗಲಿ ಎಂದು ದೇವರನ್ನು ಬೇಡಿಕೊಂಡವಳು ನಾನು.

ಒಂದು ದಿನ ನನ್ನ ಗಂಡ ಒಂದೇ ಮಾತನ್ನು ಹತ್ತು ಸಲ ಉರು ಹೊಡೆದರು. ಅದೇನೆಂದು ಕೇಳಿದೆ. ಕೇಳಿದ್ದೇ ತಡ, ಮಾಸ್ತರಿಗೆ ಹುರುಪು ಬಂತು. ಬುಟ್ಟಿಯಿಂದ ಎರಡು ರೊಟ್ಟಿ ಎತ್ತಿ ಹಿಡಿದರು.

"ನೋಡು, ಇದು ತೆಳ್ಳಗೈತಿ, ಥಿನ್. ಇದು ಅದಕ್ಕಿಂತ ತೆಳ್ಳಗ, ಥಿನ್ನರ್. ಒಂದ ಇದ್ರ ಈ ಮಾತು ನಡೆಯಂಗಿಲ್ಲ. ಜೋಡಿಗೆ ಇನ್ನೊಂದು ಇರಬೇಕು."

"ಥಿನ್ನರ್ ಯಾರದು?" ಎಂದೆ.

"ಅತ್ತಿಗೀದು," ಎಂದರು ನಿರಾಳವಾಗಿ. ನೆಗೆಣ್ಣಿ ತಲೆ ಎತ್ತಲಿಲ್ಲ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು.

ಮರುದಿನದಿಂದ ನನ್ನ ಪ್ರತಿ ರೊಟ್ಟಿಯ ಅಂಚಿಗೆ ಹೆಬ್ಬೆರಳು ಒತ್ತಿ ಗುರುತು ಮಾಡತೊಡಗಿದೆ. ಗಂಡ ಯಾರದನ್ನು ತಿನ್ನುತ್ತಾರೆ ನೋಡೋಣ ಎಂಬ ಹಟ. ಅವರು ಪುಸ್ತಕ ನೋಡುತ್ತ ಕೈಗೆ ಸಿಕ್ಕದ್ದನ್ನು ಮುರಿಯುತ್ತಿದ್ದರು. ಅವಳ ರೊಟ್ಟಿ ಕೈಗೆ ಸಿಕ್ಕ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಪರೀಕ್ಷೆಗೆ ಹೊರಟಾಗ ನಾನೇ ಬುತ್ತಿ ಕಟ್ಟಿದೆ. ಬರೀ ನನ್ನ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಗಂಟು ಬಿಗಿಯುವ ಹೊತ್ತಿಗೆ ನೆಗೆಣ್ಣಿ ಬಂದು, "ಇವೂ ಇರಲಿ ತಗೋ," ಎಂದು ತನ್ನವು ನಾಲ್ಕು ಮೇಲಿಟ್ಟಳು.

ಮೂರು ದಿನ ಬಿಟ್ಟು ಬಸ್ಸಿನಿಂದ ಇಳಿದು ಬಂದ ಗಂಡ, "ಚಲೋ ಬರದೀನಿ, ಪಾಸಾಗ್ತೀನಿ," ಎಂದು ಕುಣಿಯುವುದೊಂದು ಬಾಕಿ. ನಾನು ಬುತ್ತಿ ಬಟ್ಟೆ ಬಿಚ್ಚಿದೆ. ಉಳಿದ ರೊಟ್ಟಿಗಳಿಗೆಲ್ಲ ಹೆಬ್ಬೆರಳ ಗುರುತಿತ್ತು. ಅವಳದೊಂದೂ ಉಳಿದಿರಲಿಲ್ಲ. ಅವನ್ನು ಉಡಿಯಲ್ಲಿ ಹಾಕಿಕೊಂಡು ಹಿತ್ತಲಿಗೆ ಹೋಗಿ ಜೋಳದ ಕಣಿಕೆ ಬಣವೆಯ ಮರೆಯಲ್ಲಿ ಕೂತು ಅತ್ತುಬಿಟ್ಟೆ.

ನೆಗೆಣ್ಣಿ ಹಿಂದೆಯೇ ಬಂದಳು. ನನ್ನ ಉಡಿಯಲ್ಲಿದ್ದ ರೊಟ್ಟಿ ಎತ್ತಿಕೊಂಡು ಆ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟಳು.

"ಇದು ನನಗ ಮೊದಲ ದಿನಾನ ಗೊತ್ತಾಗೈತಿ. ಹುಚ್ಚಿ, ಮ್ಯಾಲಿದ್ದವು ನನ್ನವು, ಅವನ್ನ ಮೊದಲು ತಿಂದಾನ," ಎಂದಳು. ನನ್ನ ಪಕ್ಕ ಕೂತು, "ಅವತ್ತು ಮೈದುನ ನಿನಗೊಂದು ಇಂಗ್ಲಿಷ್ ಮಾತು ಹೇಳಿಕೊಟ್ಟನಲ್ಲ, ನನಗ ಅವತ್ತು ನಿದ್ದಿ ಬರಲಿಲ್ಲ ನೋಡು. ಹನ್ನೆರಡು ವರ್ಷ ಆತು, ನಿಮ್ಮ ಭಾವ ನನ್ನ ಜೋಡಿ ಉಪ್ಪು ಹೆಚ್ಚಾತು, ಕಡಿಮ್ಯಾತು ಅನ್ನೋದು ಬಿಟ್ಟು ಒಂದ ಮಾತು ಆಡಿಲ್ಲ. ಕಿವಿಗೆ ಬಿತ್ತು ಖರೆ, ನಾಲಿಗಿಗೆ ಹತ್ತಲಿಲ್ಲ. ನೀ ಆ ಮಾತು ನನಗೂ ಹೇಳಿಕೊಡು. ನಾ ನಿನಗ ಅಂಚು ಬಡಿಯೋದು ತೋರಿಸ್ತೀನಿ," ಎಂದಳು.

ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಮರತೀನಿ ಅಕ್ಕ," ಎಂದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಮತ್ತೆ ಕೇಳಲಿಲ್ಲ. ಮರುದಿನ ಒಲೆಯ ಮುಂದೆ ನನ್ನ ಕೈ ಹಿಡಿದು, ಅಂಗೈಯ ಯಾವ ಭಾಗದಿಂದ ಅಂಚು ಬಡಿಯಬೇಕು, ಕಲ್ಲಿನ ಮೇಲೆ ರೊಟ್ಟಿಯನ್ನು ಹೇಗೆ ತಿರುಗಿಸಬೇಕು ಎಂದು ತೋರಿಸಿಕೊಟ್ಟಳು. ಶ್ರಾವಣದ ಹೊತ್ತಿಗೆ ಅತ್ತೆಯ ಕೈಗೂ ನಮ್ಮಿಬ್ಬರ ರೊಟ್ಟಿ ಬೇರೆಯಾಗಿ ತಿಳಿಯುತ್ತಿರಲಿಲ್ಲ. ನಾನು ಗುರುತು ಒತ್ತುವುದನ್ನು ಬಿಟ್ಟೆ.

ಆಮೇಲೆ ಎಷ್ಟೋ ವರ್ಷ ಒಂದೇ ಒಲೆಯ ಮುಂದೆ ಕೂತೆವು. ಆ ಮಾತನ್ನು ಮಾತ್ರ ನಾನು ಅವಳಿಗೆ ಹೇಳಿಕೊಡಲಿಲ್ಲ. ಆ ಮನೆಯಲ್ಲಿ ಅವಳಿಗಿಂತ ಹೆಚ್ಚಿಗೆ ನನ್ನ ಹತ್ತಿರ ಇದ್ದದ್ದು ಅದೊಂದೇ.