ಗಡಿಗೆಯಲ್ಲಿ ಅಡಗಿದ ಕೊಂಬು, ಧಮ್ಮಶೀಲಾ ಹೆಣೆದ ಬಲೆ

ಜಹೀರಾಬಾದಿನ ಬಸ್ ನಿಲ್ದಾಣಕ್ಕೆ ಇನ್ನೂ ಬೆಳಗಾಗಿಲ್ಲ. ತೆಲಂಗಾಣ ಬಂದ್‌ನ ಎರಡನೆಯ ದಿನ. ನಾರಾಯಣಖೇಡದ ಬಸ್ಸೂ ಇಲ್ಲ, ತಾಂಡೂರಿನದೂ ಇಲ್ಲ. ಪಕ್ಕದ ಗಲ್ಲಿಯ ಸಿ.ಟಿ. ಸ್ಕ್ಯಾನ್ ಕೇಂದ್ರದಲ್ಲಿ ಮಾತ್ರ ದೀಪ ಉರಿಯುತ್ತಿದೆ. ರೋಗಿ ಮಲಗುವ ಜಾಗದಲ್ಲಿ ಮಣ್ಣಿನ ಗಡಿಗೆಯೊಂದು ಮಹಾರಾಣಿಯಂತೆ ಒರಗಿದೆ. ಅದು ಅಲುಗದಂತೆ ದಿಂಬು ಕೊಡುತ್ತಿರುವವಳು ಇಲ್ಲಿನ ತಂತ್ರಜ್ಞೆ ಧಮ್ಮಶೀಲಾ.

ಯಂತ್ರ ಸುತ್ತಲೂ ಎಕ್ಸರೇ ಹಾಯಿಸುತ್ತದೆ. ಒಳಗಿನ ಚಿತ್ರ ಕಟ್ಟುವುದು ಕಂಪ್ಯೂಟರ್. ಎಲ್ಲರೂ ಸಮನಾದ ಚೌಕಗಳಲ್ಲಿ ಚಿತ್ರ ಕಟ್ಟಿದರೆ ಇವಳು ತ್ರಿಕೋನಗಳ ಬಲೆ ಹೆಣೆಯುತ್ತಾಳೆ: ಒಳಗಿನ ವಸ್ತು ಬದಲಾಗುವಲ್ಲಿ ಬಲೆಯ ಕಣ್ಣು ಸಣ್ಣದು, ಉಳಿದೆಡೆ ದೊಡ್ಡದು. ಲೆಕ್ಕ ಹಾಕುವ ಬಿಂದುಗಳು ಕಡಿಮೆಯಾದರೆ ಕಿರಣಗಳೂ ಕಡಿಮೆ ಸಾಕು, ಹೊತ್ತೂ ಕಡಿಮೆ. ಹೈದರಾಬಾದಿನ ಮೇಷ್ಟ್ರೊಬ್ಬರಿಂದ ಕಲಿತ ವಿದ್ಯೆ.

“ಇಲ್ಲಿಗಿ ಬರೋ ಬೀರಣ್ಣನ ಮಗಳಿಗಿ ತಲ್ಯಾಗ ಗಡ್ಡಿ ಅದರಿ. ಸಣ್ಣ ಕೂಸು, ಮತ್ತ ಮತ್ತ ಸ್ಕ್ಯಾನ್. ‘ಇನ್ನಾ ಎಷ್ಟೊತ್ತಕ್ಕಾ’ ಅಂತ ಕೇಳ್ತದ. ಅಷ್ಟ್ ಕಿರಣ ಆ ಮೈಗಿ ಚಲೋ ಅಲ್ರಿ,” ಎನ್ನುತ್ತಾಳೆ.

ಮಾಲೀಕ ಜೈಪಾಲನದು ಒಂದೇ ಮಾತು: “ಬಂದ್ ಮುಗಿಯೋತನ ಮಿಷನ್ ನಿಂದು. ಅರ್ಧ ಕಿರಣದಾಗ ಚಿತ್ರ ಬಂದ್ರ ಮೇಷ್ಟ್ರಿಗಿ ತೋರ್ಸಾಕ ಕಳ್ಸಮು. ಇಲ್ಲಂದ್ರ ಇಷ್ಟಕ್ಕೇ ಬಿಡು.” ಬಂದ್ ಇಂದು ಮುಗಿಯುತ್ತದೆ.

ಪರೀಕ್ಷೆಗೆ ಸಿಕ್ಕ ಈ ಗಡಿಗೆ ತಂದವಳು ಧಮ್ಮಶೀಲಾಳ ತಾಯಿ ಸಾಯಮ್ಮ. ನಾರಾಯಣಖೇಡದ ಕಡೆಯಿಂದ ಕೊನೆಯ ಬಸ್ಸಿಗೆ ಬಂದು ಇಲ್ಲೇ ಸಿಕ್ಕಿಬಿದ್ದಿದ್ದಾಳೆ. ಒಳಗಿರುವುದು ಬಿತ್ತನೆಯ ತೊಗರಿ, ಹುಳ ಹತ್ತದಿರಲೆಂದು ಒಂದು ಅರಿಶಿನ ಕೊಂಬು. ಅವರೂರಲ್ಲಿ ಕೊಂಬು ಇಡುವುದು ಗಡಿಗೆಯ ನಟ್ಟನಡುವೆ. ಹುಟ್ಟಿದಾಗಿನಿಂದ ಅದನ್ನೇ ಕಂಡ ಮಗಳು ನಿನ್ನೆ ನಡುವೆ ಸಣ್ಣ ಕಣ್ಣು ಹೆಣೆದಳು, ಅಂಚಿಗೆ ದೊಡ್ಡದು. ಕೊಂಬು ಕಾಣಲೇ ಇಲ್ಲ. ಪಾಪ, ರಾತ್ರಿ ಊಟವೂ ಸೇರಲಿಲ್ಲ.

ಇಂದು ಅವಳು ಏನನ್ನೂ ಮೊದಲೇ ಅಂದುಕೊಂಡಿಲ್ಲ. ಎಲ್ಲೆಡೆ ದೊಡ್ಡ ಕಣ್ಣಿನ ಬಲೆ ಹಾಸಿ, ಕಿರಣದ ಅಳತೆಗೂ ಚಿತ್ರಕ್ಕೂ ತಾಳೆಯಾಗದ ಕಡೆ ಮಾತ್ರ ಬಿಗಿ ಮಾಡುತ್ತಾ ಹೋಗುತ್ತಾಳೆ. ಬಲೆ ತಾನಾಗಿ ಒಂದು ಬದಿಗೆ ಸರಿದು ದಟ್ಟವಾಗುತ್ತದೆ. ಅರ್ಧ ಕಿರಣದಲ್ಲೇ, ಗಡಿಗೆಯ ಗೋಡೆಗೆ ಅಂಟಿಕೊಂಡಂತೆ ಕೊಂಬು ಮೂಡುತ್ತದೆ.

“ಹೋದ್ವರ್ಷ ಹುಳ ಅಂಚಿಗೇ ಹತ್ತಿತ್ತು. ಅದ್ಕೇ ಈ ಸಲ ಅಂಚಿಗಿಟ್ಟೀನಿ,” ಎಂದು ಸಾಯಮ್ಮ ಈಗ ಬಾಯಿ ಬಿಡುತ್ತಾಳೆ.

“ನಿನ್ನೆನೇ ಹೇಳಬಾರ್ದಾ, ಅವ್ವಾ?”

“ನೀ ಕೇಳಿದ್ಯಾ?”

ಮಗಳು ನಕ್ಕುಬಿಡುತ್ತಾಳೆ. “ಬ್ಯಾನಿನೂ ಹಂಗೇ ರಿ, ನಾವ್ ಅಂದ್ಕೊಂಡಲ್ಲಿ ಕುಂದ್ರಂಗಿಲ್ಲ.”

ಜೈಪಾಲ ತೋಳೇರಿಸಿ ಗಡಿಗೆಯ ಅಂಚಿಗೆ ಕೈ ಇಳಿಸುತ್ತಾನೆ. ಕೊಂಬು ಕೈಗೆ ಬರುತ್ತದೆ. “ಮೇಷ್ಟ್ರಿಗಿ ಕಳ್ಸಮು,” ಎನ್ನುತ್ತಾನೆ, ಅಷ್ಟೇ.

ಮುಂದಿನ ಆಸೆ ಏನೆಂದು ಕೇಳಿದರೆ ಧಮ್ಮಶೀಲಾ ಗಡಿಗೆ ಇಳಿಸುತ್ತಲೇ ಹೇಳುತ್ತಾಳೆ: “ದೊಡ್ಡದೇನಿಲ್ರಿ. ಒಂದಿನ ಬೀರಣ್ಣನ ಮಗಳು ‘ಇನ್ನಾ ಎಷ್ಟೊತ್ತಕ್ಕಾ’ ಅಂತ ಕೇಳೋದ್ರೊಳಗ, ‘ಆತವ್ವ, ಏಳು’ ಅನ್ಬೇಕು.”