ಎರಡು ಪಾಣಿಪಂಚೆ

ದೊಡ್ಡಪ್ಪಯ್ಯನ ಬಲಗೈ ಮೊಣಕೈವರೆಗೆ ಒಂದು ಬಣ್ಣ, ಅಲ್ಲಿಂದ ಮೇಲೆ ಇನ್ನೊಂದು. ದಿನಾ ಉಪ್ಪುನೀರಲ್ಲಿ ಅದ್ದಿ ಅದ್ದಿ ಕೆಳಗಿನ ಚರ್ಮ ಬೂದು ಬಡಿದು, ಬೆರಳ ಸಂದಿ ಒಡೆದು, ಉಗುರಿನ ಸುತ್ತ ಬಿಳಿ ಗೆರೆ ಕಟ್ಟಿತ್ತು. ಊಟಕ್ಕೆ ಕೂತರೆ ಸಾರಿನ ಖಾರ ತಾಗಿ ಉರಿಯುತ್ತಿತ್ತು. ಅದಕ್ಕೇ ಚಮಚದಲ್ಲಿ ಉಣ್ಣುತ್ತಿದ್ದರು. ಮುಂಬೈಯಲ್ಲಿ ಹೋಟೆಲು ನಡೆಸಿ ಬಂದವರ ಶೋಕಿ ಎಂದು ಊರವರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಇವರೂ ಚಮಚ ಬಿಡಲಿಲ್ಲ.

ನನ್ನ ಅಮ್ಮನ ಅಕ್ಕನ ಗಂಡ ಅವರು. ತೊಂಬತ್ತೇಳರಲ್ಲಿ ಹೋಟೆಲು ಬಿಟ್ಟು ಮರವಂತೆಗೆ ಮರಳುವಾಗ ಗಲ್ಲಾದ ಬದಿಯಲ್ಲಿದ್ದ ಗಾಜಿನ ತೊಟ್ಟಿಯನ್ನೂ ಅದರೊಳಗಿನ ಹವಳವನ್ನೂ ತಂದಿದ್ದರು. ಹವಳ ಎಂದರೆ ಸರಕ್ಕೆ ಪೋಣಿಸುವ ಕೆಂಪು ಮಣಿಯಲ್ಲ. ಕಲ್ಲಿಗೆ ಕಚ್ಚಿಕೊಂಡು ಬದುಕುವ, ಹೂವಿನ ಹಾಗೆ ಬಿಚ್ಚಿ ಮುಚ್ಚುವ ಜೀವ. ತೊಟ್ಟಿಯ ನೀರಿನ ಉಪ್ಪನ್ನು ನಾಲಗೆಯಲ್ಲೇ ನೋಡುತ್ತಿದ್ದರು, ಹೋಟೆಲಿನ ಸಾಂಬಾರು ನೋಡಿದ ಹಾಗೆ. ಮನೆಯೆದುರು ಅಷ್ಟು ದೊಡ್ಡ ಸಮುದ್ರ ಇಟ್ಟುಕೊಂಡು ಒಳಗೆ ಚಾವಡಿಯಲ್ಲಿ ಇನ್ನೊಂದು ಸಮುದ್ರ ಸಾಕುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೇಳಿದರೆ, "ಆ ಸಮುದ್ರ ನನ್ ಮಾತ್ ಕೇಣ್ತಾ? ಮಳ್ಗಾಲ ಬಂದ್ರೆ ತೆಂಗಿನ್ ಮರ ನುಂಗುತ್ತ್. ಇದಾದ್ರೆ ಹೇಳ್ದಾಂಗ್ ಇರತ್ತ್" ಎನ್ನುವರು.

ದೊಡ್ಡಮ್ಮನಿಗೆ ಮೊದಮೊದಲು ಆ ತೊಟ್ಟಿ ಕಂಡರಾಗುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ; ಬರಬರುತ್ತ ಅವಳೇ ಹವಳಗಳಿಗೆ ಅಡುಗೆಮನೆಯ ಹೆಸರಿಟ್ಟಳು. ಎಳೆ ಎಳೆಯಾಗಿ ತೂಗಾಡುವುದು ಶ್ಯಾವಿಗೆ, ಅಂಚು ಮಡಚಿಕೊಂಡದ್ದು ಪತ್ರೊಡೆ, ತೆಳ್ಳಗೆ ಹರಡಿಕೊಂಡದ್ದು ನೀರುದೋಸೆ. "ಇವತ್ತ್ ಶ್ಯಾವ್ಗಿ ಮುಖ ಊದ್ಸ್ಕಂಡಿತ್ ಕಾಣಿ" ಎಂದು ಗಂಡನಿಗೆ ವರದಿ ಒಪ್ಪಿಸುತ್ತಿದ್ದಳು.

ಆಮೇಲೆ ಅವಳಿಗೆ ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು, ಬಲಭಾಗ ಹೋಯಿತು. ದೊಡ್ಡಪ್ಪಯ್ಯ ಮಂಚವನ್ನು ಚಾವಡಿಗೆ ತಂದು ತೊಟ್ಟಿಯ ಎದುರಿಗೆ ಹಾಕಿದರು. ನಾನು ಕುಂದಾಪುರದಲ್ಲಿ ಟೀಚರು. ಶನಿವಾರ ಶಾಲೆ ಮುಗಿಸಿ ಹೋಗಿ ಅವಳ ಮೈ ಒರೆಸಿ, ತಲೆ ಬಾಚಿ ಬರುತ್ತಿದ್ದೆ. ಆ ಹೊತ್ತಿಗೆ ತೊಟ್ಟಿಯ ಹಳೆಯ ಟ್ಯೂಬ್‌ಲೈಟುಗಳು ಮಂಕಾಗಿದ್ದವು, ಅವಳ ಕಣ್ಣೂ ಮಂಜಾಗಿತ್ತು. ಶ್ಯಾವಿಗೆ ಯಾವುದು ಎಂದು ಕೇಳಿದರೆ ಬೆರಳು ಬೇರೆಲ್ಲಿಗೋ ಹೋಗುತ್ತಿತ್ತು. ಅವಳಿಗೆ ಕಾಣಲಿ ಎಂದೇ ದೊಡ್ಡಪ್ಪಯ್ಯ ಮುಂಬೈಯ ಗೆಳೆಯರಿಗೆ ಹೇಳಿ ಹೊಸ ಎಲ್‌ಇಡಿ ದೀಪ ತರಿಸಿದರು.

ದೀಪ ಬಂತು, ಬೆಳಕು ಬರಲಿಲ್ಲ. ದೀಪದ ಕೆಳಗೆ, ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ ಅವರು ಹಳೆಯ ಪಾಣಿಪಂಚೆಗಳನ್ನು ಒಂದರ ಮೇಲೊಂದು ಹಾಸಿದರು. ಸ್ನಾನಕ್ಕೆ ಉಟ್ಟು ಉಟ್ಟು ಸವೆದು ತೆಳ್ಳಗಾದ ಬಟ್ಟೆಗಳು. ವಾರಕ್ಕೊಂದು ತೆಗೆಯುವುದು ಕ್ರಮ. ಮಂದ ಬೆಳಕಲ್ಲಿ ಬೆಳೆದ ಹವಳಕ್ಕೆ ಒಮ್ಮೆಲೇ ಜೋರು ಬೆಳಕು ಬಿದ್ದರೆ ಮೈಯ ಬಣ್ಣವನ್ನೆಲ್ಲ ಉಗುಳಿ, ಬೆಳ್ಳಗಾಗಿ ಸಾಯುತ್ತದೆ. ಮುಂಬೈಯಲ್ಲಿ ಹಾಗೆ ಕಳೆದುಕೊಂಡ ಅನುಭವ ಅವರಿಗಿತ್ತು. ಪ್ರತಿ ಶನಿವಾರ ಒಂದು ಬಟ್ಟೆ ತೆಗೆದು ದೊಡ್ಡಮ್ಮನಿಗೆ ತೋರಿಸಿ ಮಡಚುವರು. ಅವಳು ಎಡಗೈ ಎತ್ತುವಳು, ಇನ್ನೆಷ್ಟು ಎಂದು. ಅವರು ಉಳಿದಷ್ಟು ಬೆರಳು ತೋರಿಸುವರು.

ಡಾಕ್ಟರು ದೊಡ್ಡಪ್ಪಯ್ಯನನ್ನು ಬಾಗಿಲಾಚೆ ಕರೆದು, ಇನ್ನು ಹೆಚ್ಚು ದಿನವಿಲ್ಲ ಎಂದಾಗ ಮುಚ್ಚಳದ ಮೇಲೆ ಮೂರು ಬಟ್ಟೆ ಉಳಿದಿದ್ದವು. ನನ್ನ ಬಾಯಿ ಮೊದಲೇ ಜೋರು.

"ದೊಡ್ಡಪ್ಪಯ್ಯ, ಎಲ್ಲಾ ಒಂದೇ ಸಲ ತೆಗ್ದ್ ಬಿಡಿ. ಒಂದಿನ ಆದ್ರೂ ದೊಡ್ಡಮ್ಮ ಕಾಣ್ಲಿ. ಹವಳ ಸತ್ರೆ ಸಾಯ್ಲಿ" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಒದ್ದೆ ಕೈಯನ್ನು ಉಟ್ಟ ಪಂಚೆಗೆ ಒರೆಸಿಕೊಂಡರು.

"ಅದ್ ಒಂದಿನಕ್ಕೆ ಮುಗೀತಿಲ್ಲೆ ಮಗಾ. ದಿನಾ ಚೂರ್ ಚೂರೇ ಸಾಯ್ತ್. ಅವ್ಳ್ ಮನ್ಕಂಡಲ್ಲೇ ಅದನ್ನ್ ಕಾಣ್ಕಾ? ಕಡಿಗೆ ಅವ್ಳ್ ಕಾಂಬುದ್ ಹೆಣ ಬ್ಯಾಡ."

ನನಗೆ ವಿಪರೀತ ಕೋಪ ಬಂತು. ಸಾಯುವ ಹೆಂಡತಿಗಿಂತ ಕಲ್ಲಿಗೆ ಅಂಟಿದ್ದೇ ಹೆಚ್ಚಾಯಿತೇ ಇವರಿಗೆ ಎಂದು ಬಸ್ಸಿನಲ್ಲಿ ಕುಂದಾಪುರದವರೆಗೂ ಗೊಣಗಿದೆ. ಮುಂದಿನ ಶನಿವಾರ ಇನ್ನೊಂದು ಬಟ್ಟೆ ತೆಗೆದರು. ದೊಡ್ಡಮ್ಮ ಕೈ ಎತ್ತಿದಳು. ಅವರು ಎರಡು ಬೆರಳು ತೋರಿಸಿದರು. ಆ ವಾರ ಕಳೆಯುವುದರೊಳಗೆ ಅವಳು ಹೋದಳು.

ಸೂತಕದ ಮನೆಯ ಉಸ್ತುವಾರಿಗೆ ಬಂದವರು ದೊಡ್ಡಪ್ಪಯ್ಯನ ಅಕ್ಕ, ಸಾಲಿಗ್ರಾಮದವರು. ಮಡಿ ಮೈಲಿಗೆಯಲ್ಲಿ ಭಾರಿ ಕಟ್ಟುನಿಟ್ಟು. ಅವರೆದುರು ಪುರೋಹಿತರೇ ಅಳೆದು ತೂಗಿ ಮಾತಾಡುತ್ತಿದ್ದರು. ಶುದ್ಧದ ದಿನ ಮನೆಯೊಳಗಿನ ವಸ್ತ್ರವೆಲ್ಲ ನೀರು ಕಾಣಬೇಕು. "ಒಂದ್ ಚಿಂದಿನೂ ಬಿಡುಕಾಗ" ಎಂದು ಕಿಟಕಿಯ ಪರದೆಯಿಂದ ಹಿಡಿದು ಕಾಲೊರೆಸುವ ಗೋಣಿಯವರೆಗೆ ಎಲ್ಲವನ್ನೂ ಬಾವಿಕಟ್ಟೆಗೆ ಹಾಕಿಸಿದರು. ಮುಚ್ಚಳದ ಮೇಲಿನ ಎರಡು ಪಾಣಿಪಂಚೆಯೂ ಹೋದವು. ದೊಡ್ಡಪ್ಪಯ್ಯ ಹೊಳೆಬದಿಯಲ್ಲಿ ಕ್ರಿಯೆಗೆ ಕೂತಿದ್ದರು, ನಾನು ಹಿಂದಿನ ಕೊಟ್ಟಿಗೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ದೀಪ ಹೊತ್ತಿಗೆ ಸರಿಯಾಗಿ ತಾನೇ ಉರಿಯುವಂಥದ್ದು; ಉರಿಯಿತು. ಉತ್ತರಕ್ರಿಯೆಯ ಬೊಜ್ಜದ ಊಟ, ನೆಂಟರು ಎಂದು ಮುಂದಿನ ದಿನಗಳಲ್ಲೂ ಚಾವಡಿ ತುಂಬ ಜನ ತೊಟ್ಟಿಗೆ ಬೆನ್ನು ಹಾಕಿ ಕೂತಿದ್ದರು.

ಜನ ಚದುರಿದ ಮೇಲೆಯೇ ದೊಡ್ಡಪ್ಪಯ್ಯ ತೊಟ್ಟಿ ನೋಡಿದ್ದು. ನೀರುದೋಸೆ ನಿಜವಾದ ನೀರುದೋಸೆಯಷ್ಟೇ ಬೆಳ್ಳಗಾಗಿತ್ತು. ಪತ್ರೊಡೆ ಅಂಚಿನಿಂದ ಕರಗುತ್ತಿತ್ತು. ಶ್ಯಾವಿಗೆ ಕಲ್ಲಿನ ಸಂದಿಯೊಳಗೆ ಮುದುಡಿತ್ತು. ಹಿಂದೆ ನಿಂತಿದ್ದ ಅಕ್ಕ, "ನಂಗೆಂತ ಗೊತ್ತ್ ಮರಾಯಾ, ಒಗೂ ಅರ್ಬಿ ಅಂದೇಳಿ ತೆಗ್ದೆ" ಎಂದರು. ದೊಡ್ಡಪ್ಪಯ್ಯ ಆ ಹೊಸ ಬೆಳಕನ್ನೇ ನೋಡುತ್ತ ನಿಂತರು.

"ಹ್ಯಾಂಗೂ ಸಾಯ್ತಿದ್ದಿತ್. ಅವ್ಳಿಗ್ ತೋರ್ಸ್ಲಕ್ಕಿತ್" ಎಂದರು.

ಮಂಚವಿದ್ದ ಜಾಗದಲ್ಲಿ, ಬರಿ ನೆಲದ ಮೇಲೆ ಕೂತು ಅತ್ತರು. ಅವಳಿಗೆ ತೋರಿಸಬಹುದಿತ್ತು ಎಂಬ ನನ್ನ ಮಾತೇ ಕಡೆಗೆ ಸರಿಯಾಯಿತು. ಅಂಥ ಸರಿ ಯಾರಿಗೂ ಬೇಡ.

ಒಣಹಾಕಿದ್ದ ಪಾಣಿಪಂಚೆಗಳನ್ನು ತಂದು ಮತ್ತೆ ಹಾಸಿದರು. ಉಳಿದದ್ದು ಶ್ಯಾವಿಗೆ ಒಂದೇ. ತಿಂಗಳುಗಟ್ಟಲೆ ಹಿಡಿದು ಅದಕ್ಕೆ ಬಣ್ಣ ಮರಳಿತು. ಆಮೇಲೆ ಬಟ್ಟೆ ತೆಗೆಯಬಹುದಿತ್ತು, ತೆಗೆಯಲಿಲ್ಲ. ಕೇಳಿದರೆ, "ಇರ್ಲಿ ಬಿಡ್. ಎರಡ್ ಅಂದೇಳಿ ಅವ್ಳಿಗ್ ಹೇಳಿದ್ದೆ" ಎನ್ನುವರು. ಆ ಮಂಕು ಚಾವಡಿಯಲ್ಲೇ ಉಂಡು, ಅಲ್ಲೇ ಮಲಗಿ ಒಂದು ಮಳೆಗಾಲ ಕಳೆದರು. ಇನ್ನೊಂದಕ್ಕೆ ಅವರಿರಲಿಲ್ಲ.

ಮತ್ತೆ ಸಾಲಿಗ್ರಾಮದ ಅಕ್ಕನೇ ಬಂದರು. ಮತ್ತೆ ಪರದೆ, ಹೊದಿಕೆ, ಗೋಣಿ ಎಲ್ಲ ಬಾವಿಕಟ್ಟೆಗೆ ಹೋದವು. ಎಲ್ಲ ಮುಗಿಸಿ ಅವರು ತೊಟ್ಟಿಯ ಎದುರು ಬಂದು ನಿಂತರು. ಅಂಗಳದಿಂದ ಪುರೋಹಿತರು, "ವಸ್ತ್ರ ಎಲ್ಲಾ ಆಯ್ತಾ ಅಮ್ಮ? ಎಂತದೂ ಬಾಕಿ ಇಲ್ಲೆ ಅಲ್ದಾ?" ಎಂದು ಕೇಳಿದರು. ಮುದುಕಿ ಮುಚ್ಚಳದ ಮೇಲಿದ್ದ ಎರಡು ಪಾಣಿಪಂಚೆಗಳನ್ನು ನೋಡಿದರು, ನನ್ನನ್ನು ನೋಡಿದರು.

"ಆಯ್ತ್, ಎಲ್ಲಾ ಆಯ್ತ್" ಎಂದು ಅಂಗಳಕ್ಕೆ ಕೇಳುವಂತೆ ಕೂಗಿ ಹೇಳಿದರು.